ತಾಯಿ ಮಕ್ಕಳ ಸೇವೆಗೆ ಬಾಳನ್ನು ಧಾರೆಯೆರೆದ ಡಾ. ಮೇರಿ ಗ್ಲೌರಿ

ತಾಯಿಯ ಉದರದಿಂದ ಹೊರಬಂದ ಮಾತ್ರಕ್ಕೆ ಶಿಶುವಿನ ಗರ್ಭವಾಸ ಮುಗಿಯುವುದಿಲ್ಲ; ತನ್ನ ವಿವೇಕವನ್ನು ತಾನೇ ಬಳಸುವ ಶಕ್ತಿ ಬರುವವರೆಗೆ ಅದು ಹೆತ್ತವರ ಆರೈಕೆಯೆಂಬ ಮತ್ತೊಂದು ಗರ್ಭದಲ್ಲಿ ಬೆಳೆಯುತ್ತದೆ ಎಂಬ ಆಶಯವನ್ನು ಹದಿಮೂರನೆಯ ಶತಮಾನದ ಮಹಾದಾರ್ಶನಿಕ ಸಂತ ಥಾಮಸ್ ಅಕ್ವಿನಾಸರು ತಮ್ಮ ಮೇರುಕೃತಿಯಲ್ಲಿ ಮಂಡಿಸಿದ್ದಾರೆ. ಈ ಮಾತನ್ನು ಮನನ ಮಾಡುತ್ತ ಹೋದಂತೆ ಇನ್ನೊಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. ಆ ಎರಡನೆಯ ಗರ್ಭವನ್ನು ಹೊತ್ತು ನಿಂತ ತಂದೆತಾಯಿಯರನ್ನು ಹೊರುವವರು ಯಾರು? ಕೂಲಿಗೆ ಹೋಗದಿದ್ದರೆ ಒಲೆ ಉರಿಯದ ಮನೆಯಲ್ಲಿ, ಹಸಿ ಬಾಣಂತಿ ಮೂರನೆಯ ವಾರಕ್ಕೇ ಹೊಲಕ್ಕೆ ಇಳಿಯಬೇಕಾದ ಮನೆಯಲ್ಲಿ, ಇಬ್ಬರೇ ಸೇರಿ ಮಗುವಿನ ಸುತ್ತ ಗೋಡೆ ಕಟ್ಟಲು ಸಾಧ್ಯವೇ?

ಈ ಪ್ರಶ್ನೆಗೆ ಗ್ರಂಥ ಬರೆದು ಉತ್ತರಿಸದೆ, ಬದುಕನ್ನೇ ಉತ್ತರವಾಗಿ ಕೊಟ್ಟ ಮಹಿಳೆಯೊಬ್ಬರು ನಮಗೆ ತೀರ ದೂರದವರಲ್ಲ. ಅವರು ಹುಟ್ಟಿದ್ದು ಆಸ್ಟ್ರೇಲಿಯದಲ್ಲಿ. ದುಡಿದದ್ದು ನಮ್ಮ ನೆರೆಯ ಆಂಧ್ರದ ಗುಂಟೂರಿನಲ್ಲಿ. ಕೊನೆಯುಸಿರೆಳೆದದ್ದು ನಮ್ಮದೇ ಬೆಂಗಳೂರಿನಲ್ಲಿ. ಅವರೇ ಡಾ. ಮೇರಿ ಗ್ಲೌರಿ. ಸನ್ಯಾಸ ಜೀವನದಲ್ಲಿ ಅವರ ಹೆಸರು ಯೇಸುವಿನ ಪವಿತ್ರ ಹೃದಯದ ಸಿಸ್ಟರ್ ಮೇರಿ.

ಸಿಂಧನೂರು ಸೀಮೆಯ ಓದುಗರಿಗೆ ಗುಂಟೂರು ಹೊಸ ಹೆಸರಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಕರಾವಳಿ ಆಂಧ್ರದಿಂದ ಬಂದು ಇಲ್ಲಿನ ಕ್ಯಾಂಪುಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿ ಕ್ರೈಸ್ತ ಕುಟುಂಬಗಳೂ ಉಂಟು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಾದರೋ ಆದಿಲ್ ಶಾಹಿಗಳ ಕಾಲದಿಂದಲೂ ಕಥೋಲಿಕ ವಿಶ್ವಾಸಿಗಳು ಬಾಳುತ್ತ ಬಂದಿದ್ದಾರೆ. ಹಳೆಯ ಬೇರು, ಹೊಸ ಚಿಗುರು ಎರಡೂ ಇರುವ ಈ ನೆಲದಲ್ಲಿ ಮೇರಿ ಗ್ಲೌರಿಯವರ ಚರಿತ್ರೆಯನ್ನು ನೆನೆಯುವುದು ಉಚಿತವೇ ಆಗಿದೆ.

ಒಣನಾಡಿನ ಬಾಲೆ

ಮೇರಿ ಗ್ಲೌರಿ ಹುಟ್ಟಿದ್ದು 1887ರ ಜೂನ್ 23ರಂದು, ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತ್ಯದ ಬಿರ್ರೆಗರ್ರ ಎಂಬ ಸಣ್ಣ ಊರಿನಲ್ಲಿ. ಐರಿಷ್ ಮೂಲದ ಕಥೋಲಿಕ ಮನೆತನ. ಒಂಬತ್ತು ಮಕ್ಕಳಲ್ಲಿ ಇವರು ಮೂರನೆಯವರು. ಕುಟುಂಬವು ಮುಂದೆ ವಾಚೆಮ್ ಎಂಬಲ್ಲಿ ನೆಲೆಸಿತು. ಅದು ಗೋದಿ ಬೆಳೆಯುವ ಒಣಭೂಮಿ. ಮಳೆ ಬಂದರೆ ಬೆಳೆ, ಬಾರದಿದ್ದರೆ ಧೂಳು. ಕಾಲುವೆ ಬರುವ ಮುಂಚಿನ ನಮ್ಮ ಎರೆಭೂಮಿಯ ಹಿರಿಯರಿಗೆ ಆ ಬಾಳಿನ ಬವಣೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಮನೆಯಲ್ಲಿ ಪ್ರತಿ ಸಂಜೆ ಜಪಮಾಲೆಯ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಒಳ್ಳೆಯ ಗುರುಗಳಿಗಾಗಿಯೂ ಒಳ್ಳೆಯ ವೈದ್ಯರಿಗಾಗಿಯೂ ಪ್ರಾರ್ಥಿಸುವುದನ್ನು ತಾಯಿ ಮಕ್ಕಳಿಗೆ ಕಲಿಸಿದ್ದರೆಂದು ಮೇರಿಯವರ ಚರಿತ್ರೆಯನ್ನು ಬರೆದವರು ದಾಖಲಿಸಿದ್ದಾರೆ. ಆತ್ಮಕ್ಕೆ ಗುರು, ದೇಹಕ್ಕೆ ವೈದ್ಯ: ಎರಡೂ ದೇವರ ಕೊಡುಗೆಯೆಂದು ತಿಳಿದಿದ್ದ ಆ ಹಳ್ಳಿಯ ಗೃಹಿಣಿಯ ಪ್ರಾರ್ಥನೆಗೆ ಉತ್ತರ ತನ್ನ ಮಡಿಲಲ್ಲೇ ಬೆಳೆಯುತ್ತಿತ್ತು.

ಮೇರಿ ಕುಶಾಗ್ರಮತಿ. ಹದಿಮೂರರ ಹರೆಯದಲ್ಲೇ ವಿದ್ಯಾರ್ಥಿವೇತನ ಗಳಿಸಿ ಮೆಲ್ಬರ್ನ್ ನಗರಕ್ಕೆ ಓದಲು ಹೋದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೊದಲು ಕಲಾ ವಿಷಯಗಳನ್ನು ಆರಿಸಿಕೊಂಡರೂ, ತಂದೆಯ ಪ್ರೋತ್ಸಾಹದಿಂದ ವೈದ್ಯಶಾಸ್ತ್ರದ ಕಡೆಗೆ ತಿರುಗಿದರು. ಮೆಲ್ಬರ್ನ್ ವಿಶ್ವವಿದ್ಯಾಲಯವು ಸ್ತ್ರೀಯರಿಗೆ ವೈದ್ಯಕೀಯ ತರಗತಿಯ ಬಾಗಿಲು ತೆರೆದದ್ದು 1887ರಲ್ಲಿ, ಎಂದರೆ ಮೇರಿ ಹುಟ್ಟಿದ ವರ್ಷವೇ. 1910ರಲ್ಲಿ ಅವರು ವೈದ್ಯಕೀಯ ಪದವಿ ಪಡೆದಾಗಲೂ ಆ ಬಾಗಿಲು ಅಗಲವಾಗಿ ತೆರೆದಿರಲಿಲ್ಲ. ಮಹಿಳಾ ವೈದ್ಯರಿಗೆ ಆಸ್ಪತ್ರೆಗಳಲ್ಲಿ ಸ್ಥಾನ ಸಿಗುವುದು ದುರ್ಲಭವಾಗಿತ್ತು. ಮೇರಿ ತಮ್ಮ ಮೊದಲ ಆಸ್ಪತ್ರೆ ಸೇವೆಗೆ ನ್ಯೂಜಿಲೆಂಡ್ ದೇಶದ ಕ್ರೈಸ್ಟ್‌ಚರ್ಚ್ ನಗರಕ್ಕೆ ಸಮುದ್ರ ದಾಟಿ ಹೋಗಬೇಕಾಯಿತು. ಮೆಲ್ಬರ್ನಿಗೆ ಮರಳಿದ ಮೇಲೆ ಕಣ್ಣು ಕಿವಿಗಳ ಆಸ್ಪತ್ರೆಯಲ್ಲಿಯೂ ಸಂತ ವಿನ್ಸೆಂಟರ ಆಸ್ಪತ್ರೆಯಲ್ಲಿಯೂ ಸೇವೆ ಸಲ್ಲಿಸುತ್ತ, ನಗರದ ಪ್ರತಿಷ್ಠಿತ ಬೀದಿಯಲ್ಲಿ ಸ್ವಂತ ಚಿಕಿತ್ಸಾಲಯವನ್ನೂ ತೆರೆದರು.

ಅದೇ ನಗರದಲ್ಲಿ ಒಂದು ಮಾದರಿ ಕಾರ್ಯ ಅವರ ಕಣ್ಣೆದುರೇ ಇತ್ತು. ಬಡ ತಾಯಂದಿರಿಗಾಗಿ ಮಹಿಳಾ ವೈದ್ಯರೇ ನಡೆಸುವ ಆಸ್ಪತ್ರೆಯೊಂದನ್ನು ಕಟ್ಟಲು 1897ರಲ್ಲಿ ವಿಕ್ಟೋರಿಯ ಪ್ರಾಂತ್ಯದ ಪ್ರತಿಯೊಬ್ಬ ಮಹಿಳೆಯಿಂದ ತಲಾ ಒಂದು ಶಿಲ್ಲಿಂಗ್ ನಾಣ್ಯ ಬೇಡಲಾಗಿತ್ತು. ಶ್ರೀಮಂತರೊಬ್ಬರ ದೊಡ್ಡ ದಾನಕ್ಕೆ ಕಾಯದೆ, ಸಾವಿರಾರು ಬಡ ಕೈಗಳ ಚಿಕ್ಕ ಕಾಣಿಕೆಯಿಂದ ರಾಣಿ ವಿಕ್ಟೋರಿಯ ಆಸ್ಪತ್ರೆ ಮೈದಾಳಿತು. ನಮ್ಮ ಹಳ್ಳಿಗಳ ಹಿಡಿಯಕ್ಕಿಯ ಪದ್ಧತಿಗೂ ಆ ಒಂದು ಶಿಲ್ಲಿಂಗಿಗೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ತಾಯಿ ಮಗುವಿನ ರಕ್ಷಣೆ ಎಲ್ಲರ ಹೊಣೆ ಎಂದಾಗ ಯಾರ ಕೈಯೂ ತೀರ ಚಿಕ್ಕದಲ್ಲ.

ಬಾಳಿನ ದಿಕ್ಕು ಬದಲಿಸಿದ ಕಿರುಹೊತ್ತಗೆ

1915ರಲ್ಲಿ ಮೇರಿಯವರ ಕೈಗೆ ಒಂದು ಕಿರುಹೊತ್ತಗೆ ಬಂದಿತು. ಅದು ಡಾ. ಆಗ್ನೆಸ್ ಮೆಕ್ಲಾರನ್ ಎಂಬ ಸ್ಕಾಟ್ಲೆಂಡಿನ ವೈದ್ಯೆಯ ಚರಿತ್ರೆ. 1837ರಲ್ಲಿ ಹುಟ್ಟಿದ ಆಗ್ನೆಸರಿಗೆ ತಮ್ಮ ನಾಡಿನಲ್ಲಿ ವೈದ್ಯವಿದ್ಯೆ ಕಲಿಯಲು ಅವಕಾಶ ಸಿಗದೆ, ಫ್ರಾನ್ಸಿನ ಮೊಂಪೆಲಿಯೆ ವಿಶ್ವವಿದ್ಯಾಲಯದಲ್ಲಿ 1878ರಲ್ಲಿ ಪದವಿ ಪಡೆದರು. ಅರುವತ್ತು ದಾಟಿದ ಮೇಲೆ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಎಪ್ಪತ್ತು ದಾಟಿದ ಮೇಲೆ ಭಾರತಕ್ಕೆ ಪ್ರಯಾಣ ಮಾಡಿ, ಆಗ ಅವಿಭಜಿತ ಪಂಜಾಬಿಗೆ ಸೇರಿದ್ದ ರಾವಲ್ಪಿಂಡಿಯಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾದ ಆಸ್ಪತ್ರೆಯೊಂದರ ಸ್ಥಾಪನೆಗೆ ಕಾರಣರಾದರು. ಪರದೆಯ ಪದ್ಧತಿಯಿದ್ದ ಆ ಕಾಲದಲ್ಲಿ ಪುರುಷ ವೈದ್ಯನ ಮುಂದೆ ಬಾರಲಾರದೆ, ಮಹಿಳಾ ವೈದ್ಯೆ ದೊರೆಯದೆ, ಹೆರಿಗೆಯ ಹಾಸಿಗೆಯಲ್ಲೇ ಪ್ರಾಣ ಬಿಡುತ್ತಿದ್ದ ತಾಯಂದಿರ ದುರವಸ್ಥೆ ಆ ಹೊತ್ತಗೆಯ ಹಿಂದಿದ್ದ ಕರೆ.

ಓದಿ ಮುಗಿಸಿದ ಮೇರಿ ಮೊಣಕಾಲೂರಿ ಪ್ರಾರ್ಥಿಸಿದರು. ತಮ್ಮ ಜೀವಿತದ ಕಾರ್ಯ ಯಾವುದೆಂಬುದು ಅವರಿಗೆ ನಿಚ್ಚಳವಾಯಿತು. ಆದರೆ ಹೊರಡಲು ಇನ್ನೂ ನಾಲ್ಕು ವರ್ಷಗಳು ಬೇಕಾದವು. ಜಗತ್ತು ಮಹಾಯುದ್ಧದ ದಳ್ಳುರಿಯಲ್ಲಿತ್ತು. ಹಡಗಿನ ಹಾದಿಗಳು ಸುರಕ್ಷಿತವಾಗಿರಲಿಲ್ಲ. ಆ ಕಾಯುವಿಕೆಯ ಕಾಲವನ್ನು ಮೇರಿ ವ್ಯರ್ಥವಾಗಲು ಬಿಡಲಿಲ್ಲ.

1916ರಲ್ಲಿ ಮೆಲ್ಬರ್ನಿನಲ್ಲಿ ಕಥೋಲಿಕ ಮಹಿಳೆಯರ ಸಮಾಜ ಸೇವಾ ಸಂಘ ಹುಟ್ಟಿಕೊಂಡಿತು. ಮೂವತ್ತಕ್ಕೂ ಕಾಲಿಡದ ಮೇರಿ ಗ್ಲೌರಿಯವರು ಅದರ ಪ್ರಥಮ ಪ್ರಧಾನ ಅಧ್ಯಕ್ಷೆಯಾದರು. ಯೇಸುಸಭೆಯ ಪೂಜ್ಯ ವಿಲಿಯಂ ಲಾಕಿಂಗ್ಟನ್ ಅವರ ಬೆಂಬಲವೂ, ವಕೀಲೆ ಅನ್ನಾ ಬ್ರೆನ್ನನ್ ಮುಂತಾದ ವಿದ್ಯಾವಂತ ಮಹಿಳೆಯರ ಸಹಕಾರವೂ ಆ ಸಂಘಕ್ಕೆ ದೊರೆತವು. ದಾನ ಮಾಡಿ ಕೈತೊಳೆದುಕೊಳ್ಳುವುದಕ್ಕೆ ಬದಲಾಗಿ ಬಡತನದ ಕಾರಣವನ್ನು ಅರಿಯಬೇಕು, ಅರಿತು ಸಂಘಟಿತರಾಗಿ ದುಡಿಯಬೇಕು ಎಂಬುದು ಅಲ್ಲಿನ ಮಹಿಳೆಯರು ರೂಢಿಸಿಕೊಂಡ ದೃಷ್ಟಿ. ಒಬ್ಬ ವೈದ್ಯೆ ದಿನಕ್ಕೆ ಎಷ್ಟು ಮನೆಗಳ ಬಾಗಿಲು ತಟ್ಟಬಲ್ಲಳು? ಸಂಘವಾದರೋ ಊರನ್ನೆಲ್ಲ ತಲುಪಬಲ್ಲದು. ಗುಂಟೂರಿನಲ್ಲಿ ಮುಂದೆ ಫಲ ಕೊಟ್ಟ ಬೀಜ ಇಲ್ಲಿಯೇ ಮೊಳೆಯಿತೆನ್ನಬೇಕು.

ಇದರ ಜೊತೆಗೇ ಮೇರಿ ಉನ್ನತ ವ್ಯಾಸಂಗವನ್ನೂ ನಡೆಸಿದರು. ಪ್ರಸೂತಿಶಾಸ್ತ್ರ, ಸ್ತ್ರೀರೋಗ ಮತ್ತು ನೇತ್ರರೋಗಗಳಲ್ಲಿ ವಿಶೇಷ ಪರಿಶ್ರಮ ಪಡೆದು 1919ರಲ್ಲಿ ಎಂ.ಡಿ. ಪದವಿ ಗಳಿಸಿದರು. ತಾನು ಹೋಗುವ ನಾಡಿನ ತಾಯಂದಿರಿಗೆ ಬೇಕಾದ ವಿದ್ಯೆ ಯಾವುದೆಂದು ತಿಳಿದು ಕಲಿತ ವಿದ್ಯೆ ಅದು. ಭಕ್ತಿಯೊಂದೇ ಸಾಕು, ಸಿದ್ಧತೆ ಬೇಡ ಎಂದು ಅವರು ತಿಳಿಯಲಿಲ್ಲ.

ಗುಂಟೂರಿಗೆ ಬಂದ ವೈದ್ಯೆ

1920ರ ಜನವರಿಯಲ್ಲಿ ಹಡಗು ಹತ್ತಿದ ಡಾ. ಮೇರಿ ಫೆಬ್ರವರಿ 12ರಂದು ಗುಂಟೂರನ್ನು ತಲುಪಿದರು. ನೆದರ್ಲೆಂಡ್ಸ್ ದೇಶದಲ್ಲಿ 1822ರಲ್ಲಿ ಸ್ಥಾಪಿತವಾಗಿದ್ದ ಯೇಸು ಮರಿಯ ಜೋಸೆಫ್ ಸಭೆಯ ಧರ್ಮಭಗಿನಿಯರು ಅಲ್ಲಿ ಮೊದಲೇ ಸೇವೆಯಲ್ಲಿ ತೊಡಗಿದ್ದರು. ಮೇರಿ ಆ ಸಭೆಯನ್ನು ಸೇರಿದರು.

ಇಲ್ಲಿ ಒಂದು ಸಂಗತಿಯನ್ನು ವಿವರಿಸಬೇಕು. ಧರ್ಮಸಭೆಯ ಅಂದಿನ ಶಿಸ್ತಿನ ಪ್ರಕಾರ ಸನ್ಯಾಸ ವ್ರತ ಕೈಗೊಂಡವರು ವೈದ್ಯವೃತ್ತಿಯನ್ನು, ಅದರಲ್ಲಿಯೂ ಪ್ರಸೂತಿ ಚಿಕಿತ್ಸೆಯನ್ನು, ನಡೆಸುವಂತಿರಲಿಲ್ಲ. ಕನ್ಯಾಸ್ತ್ರೀಯರು ದಾದಿಯರಾಗಿ ರೋಗಿಗಳ ಶುಶ್ರೂಷೆ ಮಾಡಬಹುದಿತ್ತು. ಹೆರಿಗೆ ಮಾಡಿಸುವುದು ಅವರ ಪಾಲಿನ ಕಾರ್ಯವಾಗಿರಲಿಲ್ಲ. ಈ ನಿರ್ಬಂಧವನ್ನು ಸಡಿಲಿಸಬೇಕೆಂದು ಡಾ. ಆಗ್ನೆಸ್ ಮೆಕ್ಲಾರನ್ ಇಳಿವಯಸ್ಸಿನಲ್ಲಿ ಮತ್ತೆ ಮತ್ತೆ ರೋಮಿಗೆ ಹೋಗಿ ಬಿನ್ನವಿಸಿಕೊಂಡಿದ್ದರು. ಫಲ ಕಾಣುವ ಮೊದಲೇ 1913ರಲ್ಲಿ ಅವರು ದೈವಾಧೀನರಾದರು. ಡಾ. ಮೇರಿಯವರಿಗಾದರೋ ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ವಿಶೇಷ ಅನುಮತಿಯನ್ನು ದಯಪಾಲಿಸಿದರು. ಹೀಗೆ ವೈದ್ಯೆಯಾಗಿಯೂ ಧರ್ಮಭಗಿನಿಯಾಗಿಯೂ ಏಕಕಾಲದಲ್ಲಿ ಪೂರ್ಣಪ್ರಮಾಣದ ಸೇವೆ ನಡೆಸಿದ ಪ್ರಥಮ ಮಹಿಳೆಯೆಂಬ ಹೆಗ್ಗಳಿಕೆ ಅವರದಾಯಿತು. ಸಮಸ್ತ ಧರ್ಮಸಭೆಗೆ ಅನ್ವಯಿಸುವಂತೆ ಆ ನಿರ್ಬಂಧ ತೆರವಾದದ್ದು 1936ರ ಫೆಬ್ರವರಿ 11ರಂದು, ರೋಮಿನಿಂದ ಹೊರಟ ಆದೇಶದ ಮೂಲಕ. ತಾಯಿ ಮಕ್ಕಳ ಪ್ರಾಣರಕ್ಷಣೆ ಬ್ರಹ್ಮಚರ್ಯದ ವ್ರತಕ್ಕೆ ಹೊರತಾದುದಲ್ಲ, ಅದರ ಫಲವೇ ಆಗಬಲ್ಲದು ಎಂಬುದನ್ನು ಗುಂಟೂರಿನ ಹದಿನಾರು ವರ್ಷಗಳ ಅನುಭವ ಆ ವೇಳೆಗೆ ಸಾಧಿಸಿ ತೋರಿಸಿತ್ತು.

ಅಂದಿನ ಭಾರತದಲ್ಲಿ ಹುಟ್ಟಿದ ಪ್ರತಿ ಐದು ಶಿಶುಗಳಲ್ಲಿ ಹೆಚ್ಚುಕಡಿಮೆ ಒಂದು ತನ್ನ ಮೊದಲ ವರ್ಷ ತುಂಬುವ ಮುಂಚೆಯೇ ಕಣ್ಣು ಮುಚ್ಚುತ್ತಿತ್ತು. ಹೊಕ್ಕುಳಬಳ್ಳಿಯನ್ನು ಕೊಯ್ದ ಕುಡುಗೋಲಿನಿಂದಲೋ, ಗಾಯಕ್ಕೆ ಮೆತ್ತಿದ ಬೂದಿ ಸಗಣಿಯಿಂದಲೋ ಧನುರ್ವಾಯು ತಗಲಿ ಎಂಟೊಂಬತ್ತನೆಯ ದಿನ ಮಗು ಸೆಟೆದು ಸಾಯುತ್ತಿದ್ದರೆ, ಮನೆಯವರು ಅದನ್ನು ದೃಷ್ಟಿಯೆಂದೋ ಗಾಳಿಯೆಂದೋ ತಿಳಿದು ಮರುಗುತ್ತಿದ್ದರು. ಹೆರಿಗೆ ಕಷ್ಟವಾದರೆ ಆ ಸೀಮೆಯಲ್ಲಿ ಎತ್ತಿನ ಬಂಡಿಯೇ ಗತಿ. ಸ್ತ್ರೀಯರ ಚಿಕಿತ್ಸೆಗೆಂದು ಗುಂಟೂರಿನಲ್ಲಿ ಲುಥೆರನ್ ಸಭೆಯ ಡಾ. ಅನ್ನಾ ಕುಗ್ಲರ್ ಎಂಬ ಅಮೆರಿಕದ ವೈದ್ಯೆ 1898ರಲ್ಲೇ ಆಸ್ಪತ್ರೆ ತೆರೆದಿದ್ದರು. ಅವರ ಸೇವೆಯನ್ನೂ ಇಲ್ಲಿ ಗೌರವದಿಂದ ಸ್ಮರಿಸಬೇಕು. ಆದರೂ ಸುತ್ತಣ ಹಳ್ಳಿಗಳ ಜನಸಂಖ್ಯೆಯ ಮುಂದೆ ಅಗತ್ಯ ಅಪಾರವಾಗಿತ್ತು.

ಸಿಸ್ಟರ್ ಮೇರಿ ಆರಂಭಿಸಿದ್ದು ಸಣ್ಣ ಔಷಧಾಲಯದಿಂದ. ಅದು ಕ್ರಮೇಣ ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ಬಹುಕಾಲ ಅಲ್ಲಿನ ಏಕೈಕ ವೈದ್ಯೆ ಅವರೇ. ಹೆರಿಗೆಗೂ ಅವರೇ, ಕಣ್ಣಿನ ಬೇನೆಗೂ ಅವರೇ, ಜ್ವರ ಭೇದಿಗಳಿಗೂ ಅವರೇ. ಮೂವತ್ತೇಳು ವರ್ಷಗಳ ಅವಧಿಯಲ್ಲಿ ಅವರೂ ಅವರ ಸಂಗಡಿಗರೂ ಶುಶ್ರೂಷೆ ಮಾಡಿದ ರೋಗಿಗಳ ಸಂಖ್ಯೆ ಲಕ್ಷಗಳನ್ನು ದಾಟಿತು. ಅವರಲ್ಲಿ ಹೆಚ್ಚಿನವರು ಬೇರೆಲ್ಲಿಯೂ ಚಿಕಿತ್ಸೆ ಪಡೆಯಲು ಶಕ್ತರಾಗಿರದ ಬಡವರು. ತಾಯ್ನಾಡನ್ನು ಬಿಟ್ಟು ಬಂದ ಮೇರಿ ಮತ್ತೆ ಆಸ್ಟ್ರೇಲಿಯಕ್ಕೆ ಹಿಂದಿರುಗಿ ಹೋಗಲೇ ಇಲ್ಲ.

ಸ್ಥಳೀಯ ಸ್ತ್ರೀಯರ ಕೈಗೆ ವಿದ್ಯೆ

ಇಷ್ಟೇ ಆಗಿದ್ದರೆ ಡಾ. ಮೇರಿಯವರನ್ನು ಒಬ್ಬ ಕರುಣಾಮಯಿ ವೈದ್ಯೆಯೆಂದು ನೆನೆದು ಸುಮ್ಮನಾಗಬಹುದಿತ್ತು. ಅವರ ನಿಜವಾದ ಹಿರಿಮೆ ಇರುವುದು ಮತ್ತೊಂದು ಕಾರ್ಯದಲ್ಲಿ. ಒಬ್ಬಳ ಎರಡು ಕೈಗಳು ಎಷ್ಟು ದುಡಿದರೂ ತೊಟ್ಟಿಲುಗಳ ಸಂಖ್ಯೆಗೆ ಸಾಟಿಯಾಗವು ಎಂಬುದನ್ನು ಅವರು ಬೇಗನೆ ಮನಗಂಡರು. ಆಸ್ಪತ್ರೆಯ ಗೋಡೆಯೊಳಗೆ ಬಂದ ತಾಯಿಯನ್ನು ವೈದ್ಯೆ ಉಳಿಸಬಲ್ಲಳು. ಬಾರದ ತಾಯಿಯನ್ನು ಉಳಿಸುವವರು ಆ ತಾಯಿಯ ಓಣಿಯಲ್ಲೇ ಇರಬೇಕು. ಆದ್ದರಿಂದ ಸ್ಥಳೀಯ ಸ್ತ್ರೀಯರನ್ನು ಆರಿಸಿ ಅವರಿಗೆ ಔಷಧ ತಯಾರಿಕೆ, ಹೆರಿಗೆ ಮಾಡಿಸುವಿಕೆ ಮತ್ತು ಶುಶ್ರೂಷೆಯ ಶಿಕ್ಷಣ ನೀಡತೊಡಗಿದರು. ಹೀಗೆ ತರಬೇತಿ ಪಡೆದವರು ದಾದಿಯರಾದರು, ಪ್ರಸೂತಿಕೆಯರಾದರು, ಔಷಧ ವಿತರಕರಾದರು.

ಇದರ ಅರ್ಥವನ್ನು ಸ್ವಲ್ಪ ನಿಧಾನವಾಗಿ ಗ್ರಹಿಸಬೇಕು. ನಮ್ಮ ನಾಡಿನ ಸೂಲಗಿತ್ತಿ ಅಜ್ಞಾನಿಯಾಗಿರಲಿಲ್ಲ. ನೋವಿನಲ್ಲಿ ಬೆವರುವ ಹೆಂಗಸಿನ ಬೆನ್ನು ನೀವಿ ಧೈರ್ಯ ಹೇಳುವ ಕಲೆ, ಎರೆಯುವ ಕೈಯ ಹದ, ಬಾಣಂತಿಯ ಪಥ್ಯ, ಇವೆಲ್ಲ ತಲೆಮಾರುಗಳಿಂದ ಬಂದ ಸಂಪತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾಗಿ, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡದ್ದನ್ನು ಓದುಗರು ಬಲ್ಲರು. ಆ ಪರಂಪರೆಯಲ್ಲಿ ಕೊರತೆಯಿದ್ದುದು ಪ್ರೀತಿಯದಲ್ಲ. ಕುದಿಸಿದ ನೀರಿನ, ಶುದ್ಧವಾದ ಕತ್ತರಿಯ, ಅಪಾಯದ ಲಕ್ಷಣವನ್ನು ಮುಂಚಿತವಾಗಿ ಗುರುತಿಸುವ ಜ್ಞಾನದ ಕೊರತೆಯದು. ಸಿಸ್ಟರ್ ಮೇರಿ ಮಾಡಿದ್ದು ಆ ಪ್ರೀತಿಗೆ ಈ ಜ್ಞಾನವನ್ನು ಬೆಸೆದದ್ದು. ಕೃಪೆಯು ಪ್ರಕೃತಿಯನ್ನು ಅಳಿಸುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂಬ ತತ್ತ್ವವನ್ನು ಸೆಮಿನರಿಗಳಲ್ಲಿ ಬೋಧಿಸುತ್ತಾರೆ. ಗುಂಟೂರಿನ ಹೆರಿಗೆ ಕೋಣೆಯಲ್ಲಿ ಅದೇ ತತ್ತ್ವ ಕಾರ್ಯರೂಪದಲ್ಲಿ ಕಾಣಿಸಿಕೊಂಡಿತು.

1943ರ ಸಂಘಟನೆ

1943ನೆಯ ಇಸವಿ ಭಾರತದ ಪಾಲಿಗೆ ಕರಾಳ ವರ್ಷ. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಬಂಗಾಳದ ಭೀಕರ ಕ್ಷಾಮದಲ್ಲಿ ತಾಯಂದಿರೂ ಎಳೆಯ ಮಕ್ಕಳೂ ಬೀದಿಬೀದಿಗಳಲ್ಲಿ ಹಸಿವಿನಿಂದ ಬಿದ್ದು ಸತ್ತರು. ಅದೇ ವರ್ಷ ದೇಶದ ಆರೋಗ್ಯ ಸ್ಥಿತಿಯ ಅಧ್ಯಯನಕ್ಕಾಗಿ ಸರ್ ಜೋಸೆಫ್ ಭೋರ್ ಅವರ ನೇತೃತ್ವದಲ್ಲಿ ಸಮಿತಿ ನೇಮಕವಾಯಿತು. 1946ರಲ್ಲಿ ಅದು ಸಲ್ಲಿಸಿದ ವರದಿಯೇ ಇಂದಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆಗೆ ತಳಹದಿ. ತಾಯಿ ಮಕ್ಕಳ ಆರೋಗ್ಯಕ್ಕೆ ಆ ವರದಿ ವಿಶೇಷ ಮಹತ್ವ ಕೊಟ್ಟಿತ್ತು.

ಅದೇ 1943ರಲ್ಲಿ ಸಿಸ್ಟರ್ ಮೇರಿ ಗ್ಲೌರಿಯವರು ಬೇರೆ ಬೇರೆ ಆಸ್ಪತ್ರೆಗಳ ಕೆಲವೇ ಮಂದಿ ಧರ್ಮಭಗಿನಿಯರನ್ನು ಕೂಡಿಸಿಕೊಂಡು ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಅಲ್ಲಿಯವರೆಗೆ ಧರ್ಮಸಭೆಯ ಆಸ್ಪತ್ರೆಗಳೂ ಔಷಧಾಲಯಗಳೂ ಒಂದೊಂದೂ ತನ್ನ ಪಾಡಿಗೆ ತಾನು ಹೆಣಗುತ್ತಿದ್ದವು. ಒಂದು ಕಡೆಯ ಅನುಭವ ಇನ್ನೊಂದು ಕಡೆಗೆ ತಲುಪುತ್ತಿರಲಿಲ್ಲ. ಅವೆಲ್ಲವನ್ನೂ ಒಂದು ಸೂತ್ರದಲ್ಲಿ ಪೋಣಿಸಿ, ಕಾಡಿನ ಅಂಚಿನ ಪುಟ್ಟ ಔಷಧಾಲಯದ ಸಿಸ್ಟರಿಗೂ ನಗರದ ದೊಡ್ಡ ಆಸ್ಪತ್ರೆಯ ಆಸರೆ ದೊರೆಯುವಂತೆ ಮಾಡುವುದು ಅವರ ಉದ್ದೇಶ. ಬೆರಳೆಣಿಕೆಯ ಸಿಸ್ಟರುಗಳಿಂದ ಆರಂಭವಾದ ಆ ಸಂಘದಲ್ಲಿ ಕಾಲಾನಂತರ ದೇಶದ ಮೂಲೆಮೂಲೆಗಳ ಮೂರು ಸಾವಿರಕ್ಕೂ ಮಿಕ್ಕ ಸಂಸ್ಥೆಗಳು ಸದಸ್ಯರಾದವು. ಅವುಗಳಲ್ಲಿ ಬಹುಪಾಲು ಹಳ್ಳಿಗಾಡಿನ ಚಿಕ್ಕ ಕೇಂದ್ರಗಳೇ.

ಇನ್ನೊಂದು ಕನಸೂ ಅವರಿಗಿತ್ತು. ಭಾರತದ ಯುವಕ ಯುವತಿಯರು ಜೀವದ ಘನತೆಯನ್ನು ಮಾನ್ಯ ಮಾಡುವ ವೈದ್ಯರಾಗಿ ರೂಪುಗೊಳ್ಳಲು ಒಂದು ಕಥೋಲಿಕ ವೈದ್ಯಕೀಯ ಮಹಾವಿದ್ಯಾಲಯ ಬೇಕು ಎಂಬುದೇ ಆ ಕನಸು. ಅವರ ಜೀವಿತಕಾಲದಲ್ಲಿ ಅದು ಕೈಗೂಡಲಿಲ್ಲ. ಅವರು ಗತಿಸಿದ ಆರು ವರ್ಷಗಳ ತರುವಾಯ, 1963ರಲ್ಲಿ, ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾಯಿತು. ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳ ಜಿಲ್ಲೆಗಳಿಂದ ಎಷ್ಟೋ ತಂದೆತಾಯಿಯರು ಕಾಯಿಲೆಯ ಮಗುವನ್ನು ಎತ್ತಿಕೊಂಡು ರಾತ್ರಿಯ ಬಸ್ಸಿನಲ್ಲಿ ಆ ಆಸ್ಪತ್ರೆಯ ಬಾಗಿಲಿಗೆ ಹೋಗಿದ್ದಾರೆ. ಆ ಬಾಗಿಲಿನ ಹಿಂದೆ ಗುಂಟೂರಿನ ಧರ್ಮಭಗಿನಿಯೊಬ್ಬರ ಕನಸೂ ಇದೆಯೆಂಬುದು ಹೆಚ್ಚಿನವರಿಗೆ ತಿಳಿದಿರಲಾರದು.

ಕೊನೆಯ ದಿನಗಳು

ಸಾವಿರಾರು ಜನರ ನೋವನ್ನು ನೀಗಿದ ಸಿಸ್ಟರ್ ಮೇರಿಯವರ ಬಾಳಿನ ಮುಕ್ತಾಯ ನೋವಿನಲ್ಲೇ ಆಯಿತು. ಕ್ಯಾನ್ಸರ್ ವ್ಯಾಧಿಯ ಯಾತನೆಯನ್ನು ದೀರ್ಘಕಾಲ ತಾಳ್ಮೆಯಿಂದ ಸಹಿಸಿ, 1957ರ ಮೇ 5ರಂದು ಬೆಂಗಳೂರಿನಲ್ಲಿ, ಎಪ್ಪತ್ತು ತುಂಬಲು ಕೆಲವೇ ವಾರಗಳಿರುವಾಗ, ಅವರು ಪ್ರಭುವಿನಲ್ಲಿ ಲೀನರಾದರು. 2013ರಲ್ಲಿ ಧರ್ಮಸಭೆ ಅವರನ್ನು ದೇವರ ಸೇವಕಿಯೆಂದು ಸಾರಿತು. ಸಂತಪದವಿಯ ಹಾದಿಯಲ್ಲಿ ಇದು ಮೊದಲ ಮೆಟ್ಟಿಲು.

ನಮ್ಮ ತೊಟ್ಟಿಲುಗಳ ಸುತ್ತ

ಪ್ರಿಯ ಓದುಗರೇ, ಚರಿತ್ರೆಯನ್ನು ಓದುವುದು ಮೆಚ್ಚಿ ಮರೆಯುವುದಕ್ಕಲ್ಲ. ಡಾ. ಮೇರಿಯವರ ಕಾಲಕ್ಕೂ ನಮ್ಮ ಕಾಲಕ್ಕೂ ಅಂತರ ಬಹಳವಿದೆ. ಆಗ ಸಾವಿರಕ್ಕೆ ಸುಮಾರು ಇನ್ನೂರು ಶಿಶುಗಳು ಸಾಯುತ್ತಿದ್ದ ದೇಶದಲ್ಲಿ ಈಗ ಆ ಸಂಖ್ಯೆ ಮೂವತ್ತಕ್ಕಿಂತ ಕೆಳಗಿಳಿದಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಅಂಗನವಾಡಿ ಯೋಜನೆ ಕರ್ನಾಟಕದಲ್ಲಿ ಮೊದಲು ತಿರುಮಕೂಡಲು ನರಸೀಪುರಕ್ಕೆ ಬಂದಿತು. ಇಂದು ಅಂಗನವಾಡಿಯಿಲ್ಲದ ಹಳ್ಳಿ ವಿರಳ. 2005ರ ನಂತರ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬರುವಂತಾಯಿತು. ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ನಮ್ಮ ರಾಜ್ಯದಲ್ಲಿ 2017ರಲ್ಲಿ ಜಾರಿಗೆ ಬಂದಿತು. ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವ ಯೋಜನೆಯನ್ನು ರಾಜ್ಯ ಸರಕಾರ 2023ರಲ್ಲಿ ಪ್ರಕಟಿಸಿತು.

ಇಷ್ಟಾದರೂ ನಮ್ಮ ಸೀಮೆಯ ಗಾಯ ಮಾಗಿಲ್ಲ. ರಾಯಚೂರು ಜಿಲ್ಲೆಯ ಅಪೌಷ್ಟಿಕ ಮಕ್ಕಳ ದುರವಸ್ಥೆ 2011ರ ಸುಮಾರಿಗೆ ನಾಡಿನ ಗಮನ ಸೆಳೆದು, ಉಚ್ಚ ನ್ಯಾಯಾಲಯದ ಮುಂದೆ ಬಂದು, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ನೇತೃತ್ವದಲ್ಲಿ ಸಮಿತಿ ರಚನೆಯಾದುದು ನೆನಪಿನಲ್ಲಿದೆ. 2024ರ ಕೊನೆಯ ತಿಂಗಳುಗಳಲ್ಲಿ ಬಳ್ಳಾರಿಯಲ್ಲಿಯೂ ನಮ್ಮ ಸಿಂಧನೂರಿನಲ್ಲಿಯೂ ಬಾಣಂತಿಯರು ಮೃತಪಟ್ಟ ವಾರ್ತೆ ಇಡೀ ರಾಜ್ಯವನ್ನು ಕಲಕಿತು. ಕಾರಣಗಳ ವಿಚಾರಣೆ ಬಲ್ಲವರ ಕೆಲಸ. ಆದರೆ ಹಾಲುಣ್ಣುವ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡ ಮಗು ಯಾವ ಮನೆಯ ಅಂಗಳದಲ್ಲಿ ಬೆಳೆಯುತ್ತದೆ, ಯಾರ ಕೈತುತ್ತು ಉಣ್ಣುತ್ತದೆ ಎಂಬುದು ನೆರೆಹೊರೆಯವರಾದ ನಮ್ಮ ಕೆಲಸ.

ಹಿಂದೆ ಈ ಕೆಲಸಕ್ಕೆ ನಮ್ಮಲ್ಲಿ ಹೆಸರೇ ಇರಲಿಲ್ಲ. ಅದು ಉಸಿರಾಟದಷ್ಟು ಸಹಜವಾಗಿತ್ತು. ಚೊಚ್ಚಲ ಬಸುರಿಗೆ ಕುಬುಸದ ಕಾರ್ಯ, ತವರಿನಲ್ಲಿ ಬಾಣಂತನ, ನೆರೆಯವರು ತಂದುಕೊಡುವ ಅಂಟಿನುಂಡಿ, ತೊಟ್ಟಿಲು ಕಾರ್ಯಕ್ಕೆ ಕೂಡುವ ಓಣಿಯ ಹೆಂಗಸರು, ಇವೆಲ್ಲ ಸೇರಿ ಎಳೆಯ ತಾಯಿಯ ಸುತ್ತ ಕಾಣದ ಬೇಲಿ ಕಟ್ಟುತ್ತಿದ್ದವು. ಇಂದು ದುಡಿಮೆಗಾಗಿ ಬೆಂಗಳೂರಿಗೆ ಗುಳೆ ಹೋದ ದಂಪತಿಗಳ ತವರು ಎಲ್ಲಿ? ನಾಟಿಯ ಕಾಲಕ್ಕೆ ದೂರದ ಊರಿನಿಂದ ಬಂದು ಕಾಲುವೆಯ ದಂಡೆಯಲ್ಲಿ ಗುಡಿಸಲು ಹಾಕಿದವರ ಓಣಿ ಎಲ್ಲಿ? ಗದ್ದೆಯ ಬದುವಿನ ಬೇವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿದ ಕೂಸನ್ನು ಕಾಯುವವಳು ಐದು ವರ್ಷದ ಅಕ್ಕ; ಆ ಅಕ್ಕನೂ ಕಾಯಲ್ಪಡಬೇಕಾದ ಕೂಸೇ. ಬೇಲಿ ಮುರಿದಿದೆ. ಅದನ್ನು ಮತ್ತೆ ಕಟ್ಟಬೇಕಾದವರು ಸರಕಾರದ ಸಿಬ್ಬಂದಿ ಮಾತ್ರವಲ್ಲ.

ಸಿಸ್ಟರ್ ಮೇರಿ ಗ್ಲೌರಿಯವರಂತೆ ವೈದ್ಯರಾಗುವುದು ಎಲ್ಲರಿಗೂ ಸಾಧ್ಯವಿಲ್ಲ. ಅವರಂತೆ ಸಂಘಟಿಸುವುದು ನಮ್ಮ ಪ್ರತಿಯೊಂದು ಕಿರು ಕ್ರೈಸ್ತ ಸಮುದಾಯಕ್ಕೂ ಮಹಿಳಾ ಸಂಘಕ್ಕೂ ಸಾಧ್ಯ. ನಮ್ಮ ವಾರ್ಡಿನಲ್ಲಿ ಗರ್ಭಿಣಿಯರು ಎಷ್ಟು ಮಂದಿ, ಬಾಣಂತಿಯರು ಎಷ್ಟು ಮಂದಿ ಎಂಬುದು ತಿಂಗಳ ಸಭೆಯಲ್ಲಿ ಗೊತ್ತಿರಲಿ. ತಾಯಿ ಕಾರ್ಡು ಇಲ್ಲದ ವಲಸೆಯ ಹೆಣ್ಣುಮಗಳನ್ನು ಒಬ್ಬರು ಜೊತೆಗೆ ಕರೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಲಿ. ರಕ್ತಹೀನತೆಗೆ ಕೊಟ್ಟ ಕಬ್ಬಿಣಾಂಶದ ಮಾತ್ರೆ ಗೂಡಿನಲ್ಲಿ ಧೂಳು ಹಿಡಿಯದಂತೆ ನೆರೆಯ ಅಕ್ಕ ವಿಚಾರಿಸಲಿ. ಹುಟ್ಟಿದ ಗಂಟೆಯೊಳಗೆ ಮೊದಲ ಹಾಲು, ಆರು ತಿಂಗಳವರೆಗೆ ಎದೆಹಾಲು ಮಾತ್ರ, ಸಮಯಕ್ಕೆ ಸರಿಯಾಗಿ ಲಸಿಕೆ, ಈ ಮೂರು ಮಾತುಗಳು ಅಜ್ಜಿಯರ ಬಾಯಲ್ಲೇ ಹರಡಲಿ. ಸೊಸೆಯಂದಿರು ಕಾರ್ಯಕರ್ತೆಯ ಮಾತಿಗಿಂತ ಅತ್ತೆಯ ಮಾತಿಗೆ ಹೆಚ್ಚು ಕಿವಿಗೊಡುತ್ತಾರೆ. ಬಾಣಂತಿಯಿರುವ ಬಡಮನೆಗೆ ನಾಲ್ಕು ವಾರ ಸರದಿಯಂತೆ ಊಟ ತಲುಪಲಿ. ಗಂಡಸರು ಇದನ್ನು ಹೆಂಗಸರ ವಿಷಯವೆಂದು ಬದಿಗಿಡದಿರಲಿ. ನಡುರಾತ್ರಿ ನೋವು ಕಾಣಿಸಿಕೊಂಡಾಗ ವಾಹನ ತರಲು, ರಕ್ತ ಬೇಕಾದಾಗ ತೋಳು ಚಾಚಲು ಅವರೇ ಬೇಕು. ಈ ಆರೈಕೆ ನಮ್ಮ ಧರ್ಮಕೇಂದ್ರದ ದಾಖಲೆಯಲ್ಲಿ ಹೆಸರಿದ್ದವರಿಗೆ ಸೀಮಿತವಾಗದಿರಲಿ. ಗುಂಟೂರಿನ ಆಸ್ಪತ್ರೆಯಲ್ಲಿ ರೋಗಿಯ ಬಡತನವನ್ನು ನೋಡಿದರೇ ಹೊರತು ಜಾತಿಮತಗಳನ್ನು ನೋಡಲಿಲ್ಲ. ಬಲಿಪೂಜೆಯ ವೇಳೆ ದೇವಾಲಯದಲ್ಲಿ ಕೂಸು ಅತ್ತರೆ ತಿರುಗಿ ಹುಬ್ಬು ಗಂಟಿಕ್ಕುವ ಅಭ್ಯಾಸವನ್ನೂ ಬಿಡೋಣ. ಆ ಅಳು ನಮ್ಮ ಸಮುದಾಯಕ್ಕೆ ನಾಳೆಯುಂಟು ಎಂಬುದರ ಸಾಕ್ಷಿ.

ಮೆಲ್ಬರ್ನಿನ ಪ್ರತಿಷ್ಠಿತ ಬೀದಿಯ ಚಿಕಿತ್ಸಾಲಯದಲ್ಲಿ ಉಳಿದಿದ್ದರೆ ಮೇರಿ ಗ್ಲೌರಿಯವರಿಗೆ ಹಣ, ಹೆಸರು ಎರಡೂ ಸಿಗುತ್ತಿದ್ದವು. ಅವರು ತಾವು ನೋಡಿಯೇ ಇರದ ನಾಡಿನ, ಹೆಸರೇ ತಿಳಿಯದ ತಾಯಂದಿರಿಗಾಗಿ ಸಮುದ್ರ ದಾಟಿ ಬಂದರು. ನಾವು ದಾಟಬೇಕಾದದ್ದು ಹೆಚ್ಚೆಂದರೆ ಒಂದು ಓಣಿ, ಒಂದು ಕಾಲುವೆ, ಒಂದು ಕ್ಯಾಂಪು. ಈ ವಾರ ನಮ್ಮ ಮನೆಗೆ ಅತ್ಯಂತ ಸಮೀಪದಲ್ಲಿರುವ ತೊಟ್ಟಿಲು ಯಾವುದೆಂದು ಪ್ರತಿಯೊಂದು ಕುಟುಂಬವೂ ವಿಚಾರಿಸಿಕೊಳ್ಳಲಿ. ಅದನ್ನು ತೂಗುವ ಕೈ ದಣಿದಿದೆಯೇ ಎಂದು ಹೋಗಿ ನೋಡಲಿ.